ಕಲ್ಲು ತೇಯುತ್ತದೆ, ಟೈಟಾನಿಯಂ ಸುಡುತ್ತದೆ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಅಡಿಕೆ, ತೆಂಗಿನ ತೋಟಗಳಲ್ಲಿ ಕೊಳವೆಬಾವಿ ಕೊರೆಯುವ ಬಿಟ್ಟಿನ ಹಲ್ಲುಗಳೂ, ಬೆಂಗಳೂರಿನ ಕಾರ್ಖಾನೆಗಳಲ್ಲಿ ವಿಮಾನದ ಬಿಡಿಭಾಗಗಳಿಗಾಗಿ ಟೈಟಾನಿಯಂ ಮಿಶ್ರಲೋಹವನ್ನು ಕಡಿಯುವ ಅಲಗುಗಳೂ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಒಂದೇ ವಸ್ತುವಿನಿಂದ ಆದವು. ಗಟ್ಟಿಯಾದದ್ದನ್ನು ಕಡಿಯುವುದು ಕಷ್ಟ, ಮೆದುವಾದದ್ದನ್ನು ಕಡಿಯುವುದು ಸುಲಭ ಎಂಬ ರೂಢಿಯ ತಿಳಿವಳಿಕೆಯಂತೆ ನೋಡಿದರೆ ಚಿತ್ರದುರ್ಗದ ಕಗ್ಗಲ್ಲಿನ ಮುಂದೆ ಟೈಟಾನಿಯಂ ಏನೂ ಅಲ್ಲ. ಆ ಕಲ್ಲಿನಲ್ಲಿರುವ ಬೆಣಚು, ಅಂದರೆ ಕ್ವಾರ್ಟ್ಜ್ ಹರಳಿನ ಗಡಸುತನದ ಮೂರನೆಯ ಒಂದು ಪಾಲಿನಷ್ಟು ಗಡಸುತನವೂ ಈ ಲೋಹಕ್ಕೆ ಸರಿಯಾಗಿ ಇಲ್ಲ. ಆದರೂ ಉಕ್ಕನ್ನು ನಿಮಿಷಕ್ಕೆ 200 ಮೀಟರ್ ವೇಗದಲ್ಲಿ ನಿರಾಯಾಸವಾಗಿ ಕಡಿಯುವ ಕಾರ್ಬೈಡ್ ಅಲಗು ಟೈಟಾನಿಯಂ ಎದುರಾದಾಗ 60 ಮೀಟರಿನ ಆಸುಪಾಸಿಗೆ ಇಳಿಯಲೇಬೇಕಾಗುತ್ತದೆ, ಇಳಿಯದಿದ್ದರೆ ಕೆಲವೇ ನಿಮಿಷಗಳಲ್ಲಿ ಅದರ ಅಂಚು ಉಳಿಯುವುದಿಲ್ಲ. ಉಪಕರಣ ಸವೆಯುವ ಬಗೆ ಒಂದಲ್ಲ, ಹಲವು ಎಂಬುದನ್ನು ತಿಳಿಯದೆ ಈ ಒಗಟು ಬಿಡಿಸಲಾಗದು.

ಬಿಟ್ಟಿನ ಹಲ್ಲಿಗೂ ಅಲಗಿಗೂ ಬಳಸುವ ಈ ಬೆಸುಗೆಗೊಂಡ ಕಾರ್ಬೈಡನ್ನು ಜರ್ಮನಿಯಲ್ಲಿ 1923ರ ಸುಮಾರಿಗೆ ಕಂಡುಹಿಡಿಯಲಾಯಿತು. ಕೆಲವೇ ವರ್ಷಗಳಲ್ಲಿ ಕ್ರುಪ್ ಕಂಪನಿ ಅದನ್ನು ವಿಡಿಯಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದೇ ಹೆಸರಿನ ಭಾರತೀಯ ಕಂಪನಿ 1964ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಕಾರ್ಖಾನೆ ನಡೆಸಿತು, ಈಗ ಅದು ಕೆನ್ನಾಮೆಟಲ್ ಆಗಿದೆ. ಆ ರಸ್ತೆಯೇ ಮುಂದೆ ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ ಹೆದ್ದಾರಿ. ಲೇತ್ ಅಂಗಡಿಗಳಲ್ಲಿ ಯಾವ ಕಂಪನಿಯ ಕಾರ್ಬೈಡ್ ತುಣುಕನ್ನಾದರೂ ಇಂದಿಗೂ ವಿಡಿಯಾ ಎಂದೇ ಕರೆಯುತ್ತಾರೆ. ಟಂಗ್‌ಸ್ಟನ್ ಮತ್ತು ಇಂಗಾಲ ಕೂಡಿದ ಅತಿ ಗಡಸಾದ ಸೂಕ್ಷ್ಮ ಕಣಗಳನ್ನು ಕೋಬಾಲ್ಟ್ ಎಂಬ ಲೋಹದ ಪುಡಿಯೊಂದಿಗೆ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕೋಬಾಲ್ಟ್ ಕರಗುವಷ್ಟು ಕಾಯಿಸಿದಾಗ ಈ ವಸ್ತು ಸಿದ್ಧವಾಗುತ್ತದೆ. ಕಾಂಕ್ರೀಟಿನಲ್ಲಿ ಜಲ್ಲಿಯನ್ನು ಸಿಮೆಂಟು ಹಿಡಿದಿಡುವಂತೆ ಇಲ್ಲಿ ಕಾರ್ಬೈಡ್ ಕಣಗಳನ್ನು ಕೋಬಾಲ್ಟ್ ಹಿಡಿದಿಡುತ್ತದೆ. ಕಣಗಳು ಗಡಸುತನ ಕೊಡುತ್ತವೆ, ಕೋಬಾಲ್ಟ್ ಪೆಟ್ಟು ತಾಳುವ ಗುಣ ಕೊಡುತ್ತದೆ. ಒಂದು ಹೆಚ್ಚಿದರೆ ಇನ್ನೊಂದು ತಗ್ಗುತ್ತದೆ. ಸವೆತದ ಕಥೆಯೆಲ್ಲ ಈ ಎರಡರಲ್ಲಿ ಯಾವುದು ಮೊದಲು ಸೋಲುತ್ತದೆ ಎಂಬುದರಲ್ಲಿ ಅಡಗಿದೆ.

ಕಲ್ಲಿನ ಎದುರು ಸೋಲುವುದು ಮೊದಲಿಗೆ ಕೋಬಾಲ್ಟ್. ಚಿತ್ರದುರ್ಗದ ಶಿಲಾಪಟ್ಟಿ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಶಿಲೆಗಳಿಂದಾದದ್ದು, ಮತ್ತು ಅದರ ಒಳಗಿನ ವೈವಿಧ್ಯ ಬೆರಗು ಹುಟ್ಟಿಸುವಂಥದ್ದು: ಕೋಟೆಯ ಬೆಟ್ಟಗಳಲ್ಲಿ ಬೆಣಚು ತುಂಬಿದ ಗ್ರಾನೈಟ್; ಹಿರಿಯೂರು ತಾಲ್ಲೂಕಿನ ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿ, ನೀರಿನಡಿಯಲ್ಲಿ ಉಕ್ಕಿ ದಿಂಬಿನಾಕಾರದಲ್ಲಿ ಹೆಪ್ಪುಗಟ್ಟಿದ ಲಾವಾ ಶಿಲೆ, ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು; ಇನ್ನು ಕೆಲವೆಡೆ ಕಬ್ಬಿಣದ ಅದಿರು ಮತ್ತು ಬೆಣಚು ಪದರಪದರವಾಗಿ ಕೂಡಿದ ಶಿಲೆ. ಲಾವಾ ಶಿಲೆಯಲ್ಲಿ ಬೆಣಚು ಕಡಿಮೆಯಾದ್ದರಿಂದ ಬಿಟ್ಟನ್ನು ಅದು ಅಷ್ಟಾಗಿ ತೇಯುವುದಿಲ್ಲ, ಗ್ರಾನೈಟ್ ಮತ್ತು ಪದರಶಿಲೆ ತೇಯುತ್ತವೆ. ಹೀಗಾಗಿ ಒಂದೇ ಆಳದ ಎರಡು ಬಾವಿಗಳಲ್ಲಿ ಬಿಟ್ಟಿನ ಆಯುಷ್ಯ ಒಂದೇ ಆಗಬೇಕೆಂದಿಲ್ಲ.

ಕೊಳವೆಬಾವಿಯ ಬಿಟ್ಟನ್ನು ಹತ್ತಿರದಿಂದ ನೋಡಿದರೆ ಈ ಸವೆತ ಕಣ್ಣಿಗೇ ಕಾಣುತ್ತದೆ. ಆರೂವರೆ ಇಂಚು ಅಗಲದ ಉಕ್ಕಿನ ತಲೆಯ ಮೇಲೆ ಕಾರ್ಬೈಡ್ ಗುಂಡಿಗಳನ್ನು ಬಿಗಿಯಾಗಿ ಕೂರಿಸಿರುತ್ತಾರೆ, ಅದರ ಹಿಂದಿರುವ ಹ್ಯಾಮರ್ ಕಂಪ್ರೆಸರಿನ ಗಾಳಿಯ ಒತ್ತಡದಿಂದ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಪೆಟ್ಟು ಕೊಡುತ್ತದೆ, ಬಿಟ್ಟು ನಿಧಾನವಾಗಿ ತಿರುಗುತ್ತಾ ಪ್ರತಿ ಪೆಟ್ಟಿಗೂ ಹೊಸ ಜಾಗದಲ್ಲಿ ಕಲ್ಲನ್ನು ಪುಡಿ ಮಾಡುತ್ತದೆ. ಬೆಣಚಿನ ಹರಳು ಕಾರ್ಬೈಡ್ ಕಣದಷ್ಟು ಗಡಸಲ್ಲ, ಆದರೆ ಕೋಬಾಲ್ಟಿಗಿಂತ ಬಹಳ ಗಡಸು. ಅದು ಕಣಗಳ ನಡುವಿನ ಕೋಬಾಲ್ಟನ್ನು ಉಜ್ಜಿ ತೆಗೆಯುತ್ತದೆ, ಆಸರೆ ತಪ್ಪಿದ ಕಣಗಳು ಒಂದೊಂದಾಗಿ ಉದುರುತ್ತವೆ, ದುಂಡಗಿದ್ದ ಗುಂಡಿಯ ನೆತ್ತಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಗುಂಡಿ ಕಲ್ಲಿನೊಳಗೆ ಇಳಿಯದೆ ಮೇಲೆ ಮೇಲೆ ಕುಟ್ಟುವುದರಿಂದ ಕೊರೆಯುವ ವೇಗ ಇಳಿಯುತ್ತದೆ, ಬಿಸಿ ಏರುತ್ತದೆ, ಗುಂಡಿಯ ಮೇಲೆ ಸಣ್ಣ ಬಿರುಕುಗಳು ಹುಟ್ಟಿ ಕೊನೆಗೆ ಅದು ಒಡೆಯುತ್ತದೆ. ಬಿಟ್ಟಿನ ಹೊರಸುತ್ತಿನ ಗುಂಡಿಗಳು ಎಲ್ಲಕ್ಕಿಂತ ಹೆಚ್ಚು ದೂರ ಉಜ್ಜಿಕೊಂಡು ಸಾಗುವುದರಿಂದ ಮೊದಲು ಸವೆಯುವುದು ಅವೇ. ಅವು ಸವೆದಂತೆ ಬಾವಿ ಆಳಕ್ಕೆ ಹೋಗುತ್ತಾ ಕಿರಿದಾಗುತ್ತದೆ, ಆಮೇಲೆ ಇಳಿಸಿದ ಹೊಸ ಬಿಟ್ಟು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಗುಂಡಿ ಪೂರ್ತಿ ಚಪ್ಪಟೆಯಾಗುವ ಮೊದಲೇ ವಜ್ರದ ಪುಡಿಯ ಸಾಣೆಯಿಂದ ಅದನ್ನು ಮತ್ತೆ ದುಂಡಗೆ ಮಾಡಿದರೆ ಬಿಟ್ಟು ಬಹುಕಾಲ ಬಾಳುತ್ತದೆ. ಹಿಂದೆ ಕೋಟೆಯ ಬಂಡೆಗಳನ್ನು ಸೀಳಿದ ಉಕ್ಕಿನ ಚಾಣಗಳನ್ನು ಕುಲುಮೆಯಲ್ಲಿ ಕಾಯಿಸಿ, ಮೊನೆ ತಟ್ಟಿ, ಹದ ಹಾಕುತ್ತಿದ್ದುದರ ಉದ್ದೇಶವೂ ಇದೇ ಆಗಿತ್ತು.

ಟೈಟಾನಿಯಂ ಅಲಗನ್ನು ಹೀಗೆ ತೇಯುವುದಿಲ್ಲ. ವಿಮಾನಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಮಿಶ್ರಲೋಹದಲ್ಲಿ ನೂರಕ್ಕೆ 6 ಪಾಲು ಅಲ್ಯೂಮಿನಿಯಂ, 4 ಪಾಲು ವೆನೇಡಿಯಂ, ಉಳಿದದ್ದು ಟೈಟಾನಿಯಂ. ತೂಕದಲ್ಲಿ ಅದು ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು, ಬಲದಲ್ಲಿ ಒಳ್ಳೆಯ ಉಕ್ಕಿಗೆ ಸಮ. ಅದರ ದೊಡ್ಡ ತೊಡಕು ಶಾಖ ಸಾಗಿಸುವ ಶಕ್ತಿ ಇಲ್ಲದಿರುವುದು: ಸಾಮಾನ್ಯ ಉಕ್ಕಿನ ಏಳನೆಯ ಒಂದು ಪಾಲಿನಷ್ಟು ಮಾತ್ರ ಅದು ಶಾಖವನ್ನು ಸಾಗಿಸುತ್ತದೆ. ಲೋಹವನ್ನು ಕಡಿಯುವುದೆಂದರೆ ಅದನ್ನು ಬಲವಂತವಾಗಿ ಜಾರಿಸಿ ಹರಿಯುವುದಾದ್ದರಿಂದ ಶಾಖ ಹುಟ್ಟಿಯೇ ತೀರುತ್ತದೆ. ಉಕ್ಕಿನಲ್ಲಿ ಅದರ ಗಣನೀಯ ಭಾಗವನ್ನು ಹೆರೆದು ಬರುವ ಸಿಪ್ಪೆ ಹೊತ್ತೊಯ್ದರೆ, ಟೈಟಾನಿಯಮ್ಮಿನಲ್ಲಿ ಸುಮಾರು ನೂರಕ್ಕೆ 80ರಷ್ಟು ಅಲಗಿಗೇ ಇಳಿಯುತ್ತದೆಂದು ಲೆಕ್ಕ ಹಾಕಲಾಗಿದೆ. ಸಿಪ್ಪೆ ಅಲಗಿನ ಮುಖವನ್ನು ಮುಟ್ಟಿಕೊಂಡು ಸಾಗುವ ದೂರವೂ ಇಲ್ಲಿ ಬಹಳ ಕಡಿಮೆಯಾದ್ದರಿಂದ ಈ ಶಾಖ, ಈ ಒತ್ತಡ ಎರಡೂ ಅಂಚಿನ ಕೂದಲೆಳೆಯಷ್ಟು ಜಾಗದಲ್ಲಿ ಸೇರಿಕೊಳ್ಳುತ್ತವೆ.

ಶಾಖದ ಬೆನ್ನಿಗೇ ರಸಾಯನಕ್ರಿಯೆ ಬರುತ್ತದೆ, ಮತ್ತು ಈ ವಿಷಯದ ತಿರುಳು ಇಲ್ಲಿಯೇ ಇದೆ. ತಣ್ಣಗಿದ್ದಾಗ ತುಕ್ಕನ್ನೂ ಹತ್ತಿರ ಬಿಟ್ಟುಕೊಳ್ಳದ ಟೈಟಾನಿಯಂ ಐನೂರು ಡಿಗ್ರಿ ದಾಟಿದ ಮೇಲೆ ತನ್ನನ್ನು ಮುಟ್ಟಿದ ಬಹುತೇಕ ವಸ್ತುಗಳೊಂದಿಗೆ ಕೂಡಿಕೊಳ್ಳಲು ತವಕಿಸುತ್ತದೆ. ಸಿಪ್ಪೆ ಅಲಗಿಗೆ ಬೆಸೆದುಕೊಳ್ಳುತ್ತದೆ, ಕಿತ್ತು ಹೋಗುವಾಗ ಕಾರ್ಬೈಡಿನ ಕಣಗಳನ್ನೂ ಕಿತ್ತೊಯ್ಯುತ್ತದೆ. ಜೊತೆಗೆ ಕೋಬಾಲ್ಟೂ ಇಂಗಾಲವೂ ಅಲಗಿನಿಂದ ಸಿಪ್ಪೆಗೆ ವ್ಯಾಪಿಸಿ ಹೊರಟುಹೋಗುತ್ತವೆ. ಹೀಗೆ ಅಣು ಅಣುವಾಗಿ ನಡೆಯುವ ನಷ್ಟಕ್ಕೆ ವಿಸರಣ ಸವೆತ ಎನ್ನುತ್ತಾರೆ. ಇದರಿಂದ ಸಿಪ್ಪೆ ಜಾರಿ ಹೋಗುವ ಮುಖದಲ್ಲಿ ಗುಳಿ ಬೀಳುತ್ತದೆ, ಗುಳಿ ಅಂಚಿನ ತೀರ ಹತ್ತಿರವೇ ಬೀಳುವುದರಿಂದ ಅಂಚು ತೆಳುವಾಗಿ ಒಂದು ಗಳಿಗೆಯಲ್ಲಿ ಮುರಿಯುತ್ತದೆ. ಉಕ್ಕಿನ ಕೆಲಸಕ್ಕೆಂದು ಟೈಟಾನಿಯಂ ಕಾರ್ಬೈಡ್ ಬೆರೆಸಿ ಮಾಡಿದ ಅಲಗುಗಳು ಟೈಟಾನಿಯಮ್ಮಿನ ಮುಂದೆ ಇನ್ನೂ ಬೇಗ ಸೋಲುತ್ತವೆ. ಸುಮಾರು ನೂರಕ್ಕೆ 6ರಷ್ಟು ಕೋಬಾಲ್ಟ್ ಇರುವ, ಬೇರೇನೂ ಬೆರೆಸದ ಕಾರ್ಬೈಡೇ ಇಲ್ಲಿ ದಶಕಗಳ ಕಾಲ ಮೇಲುಗೈ ಸಾಧಿಸಿದೆ. ದುಬಾರಿಯಾದದ್ದೇ ಉತ್ತಮ ಎಂದು ನಂಬಿ ಸಿಕ್ಕಿದ ಲೇಪನದ ಅಲಗನ್ನು ಹಾಕುವವರು ಈ ಮಾತನ್ನು ಗಮನಿಸಬೇಕು.

ಇನ್ನೂ ಎರಡು ತೊಡಕುಗಳು ಇದಕ್ಕೆ ಕೂಡಿಕೊಳ್ಳುತ್ತವೆ. ಟೈಟಾನಿಯಮ್ಮಿನ ಬಿಗುವು ಉಕ್ಕಿನ ಅರ್ಧದಷ್ಟೇ ಇರುವುದರಿಂದ ತೆಳುವಾದ ಜಾಬ್, ಅಂದರೆ ಕಡಿಯಬೇಕಾದ ತುಂಡು, ಅಲಗಿನ ಒತ್ತಡಕ್ಕೆ ಬಾಗಿ, ಮತ್ತೆ ಪುಟಿದು ಅಲಗಿನ ಪಕ್ಕವನ್ನು ಉಜ್ಜುತ್ತದೆ. ಸಿಪ್ಪೆಯೂ ಒಂದೇ ಸಮನೆ ಹರಿಯದೆ ಗರಗಸದ ಹಲ್ಲಿನಂತೆ ಬಿಡಿಬಿಡಿಯಾಗಿ ಬರುವುದರಿಂದ ಅಂಚು ಎಡೆಬಿಡದೆ ಅದುರುತ್ತದೆ.

ಅಲಗು ಯಾವಾಗ ಸತ್ತಿತೆಂದು ಹೇಳಲು ಒಂದು ಅಳತೆ ಇದೆ. ಜಾಬ್‌ಗೆ ಎದುರಾಗಿರುವ ಪಕ್ಕದಲ್ಲಿ, ಅಂಚಿನ ಕೆಳಗೆ, ಹೊಳೆಯುವ ಒಂದು ಪಟ್ಟಿ ಮೂಡುತ್ತದೆ. ಇದು ಪಕ್ಕದ ಸವೆತ. ಅದರ ಸರಾಸರಿ ಅಗಲ 0.3 ಮಿಲಿಮೀಟರ್ ಮುಟ್ಟಿದಾಗ ಅಲಗಿನ ಆಯುಷ್ಯ ಮುಗಿಯಿತೆಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ವೇಗಕ್ಕೂ ಆಯುಷ್ಯಕ್ಕೂ ಇರುವ ನಂಟನ್ನು ಅಮೆರಿಕದ ಎಫ್. ಡಬ್ಲ್ಯು. ಟೇಲರ್ 1907ರಲ್ಲಿ ಸೂತ್ರವಾಗಿ ಮಂಡಿಸಿದನು. ಕಾರ್ಬೈಡಿಗೆ ಸಾಮಾನ್ಯವಾಗಿ ಹಿಡಿಯುವ ಅಂಕಿಗಳನ್ನು ಅದರಲ್ಲಿಟ್ಟು ನೋಡಿದರೆ ವೇಗವನ್ನು ನೂರಕ್ಕೆ 20ರಷ್ಟು ಏರಿಸಿದ ಮಾತ್ರಕ್ಕೆ ಅಲಗಿನ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಬೇಗ ಮುಗಿಸಬೇಕೆಂಬ ಆತುರಕ್ಕೆ ವೇಗ ಹೆಚ್ಚಿಸುವುದಕ್ಕಿಂತ, ವೇಗವನ್ನು ಮಿತಿಯಲ್ಲಿಟ್ಟು ಫೀಡನ್ನು, ಅಂದರೆ ಪ್ರತಿ ಸುತ್ತಿಗೆ ಅಲಗು ಮುಂದೆ ಸರಿಯುವ ದೂರವನ್ನು, ಸಾಕಷ್ಟು ಇಡುವುದೇ ಲೇಸು.

ಕಡಿಯಲು ಕಷ್ಟವಾದ ಲೋಹಗಳೆಲ್ಲ ವಿಮಾನ ಕಾರ್ಖಾನೆಯಲ್ಲಿಯೇ ಇವೆ ಎಂದು ತಿಳಿಯಬೇಕಿಲ್ಲ. ಜಲ್ಲಿ ಕ್ರಷರಿನ ದವಡೆಗಳನ್ನು ಎರಕ ಹೊಯ್ಯುವುದು ನೂರಕ್ಕೆ ಹನ್ನೆರಡರ ಆಸುಪಾಸಿನಷ್ಟು ಮ್ಯಾಂಗನೀಸ್ ಇರುವ ಉಕ್ಕಿನಿಂದ. ಪೆಟ್ಟು ಬಿದ್ದಷ್ಟೂ ಅದರ ಮೇಲ್ಮೈ ಗಡಸಾಗುತ್ತದೆ, ಹಾಗಾಗಿಯೇ ಅದು ಕಲ್ಲನ್ನು ತಾಳುತ್ತದೆ, ಹಾಗಾಗಿಯೇ ಅಲಗಿಗೆ ಬಗ್ಗುವುದಿಲ್ಲ. ಸಣ್ಣ ಊರಿನ ಲೇತಿಗೂ ಬರುವ ಸ್ಟೇನ್‌ಲೆಸ್ ಉಕ್ಕಿನಲ್ಲಿಯೂ ಇದೇ ಗುಣ ತಕ್ಕಮಟ್ಟಿಗೆ ಇದೆ: ಅಲಗು ಕಡಿಯದೆ ಒಂದೆಡೆ ಉಜ್ಜುತ್ತಾ ನಿಂತರೆ ಆ ಜಾಗ ಗಡಸಾಗಿ, ಮುಂದಿನ ಸುತ್ತಿನಲ್ಲಿ ಅಲಗನ್ನೇ ಕೆಡಿಸುತ್ತದೆ.

ಪರಿಹಾರಗಳೂ ಕಾರಣಗಳನ್ನು ಅನುಸರಿಸಿಯೇ ಬರುತ್ತವೆ. ಶಾಖ ಅಂಚಿನಲ್ಲಿ ನಿಲ್ಲುವುದರಿಂದ ಕೂಲಂಟನ್ನು, ಅಂದರೆ ತಂಪು ಮಾಡುವ ದ್ರವವನ್ನು, ಮೇಲಿನಿಂದ ಸುಮ್ಮನೆ ಸುರಿದರೆ ಸಾಲದು, 70 ಬಾರ್ ಅಥವಾ ಅದಕ್ಕೂ ಮಿಗಿಲಾದ ಒತ್ತಡದಲ್ಲಿ ಸಿಪ್ಪೆ ಮತ್ತು ಅಲಗಿನ ಸಂದಿಗೇ ಚಿಮ್ಮಿಸಬೇಕು. ಮೈನಸ್ 196 ಡಿಗ್ರಿಯ ದ್ರವ ಸಾರಜನಕವನ್ನು ಬಳಸುವ ಪದ್ಧತಿಯೂ ಇದೆ. ಅಂಚು ಹರಿತವಾಗಿರಬೇಕು, ಜಾಬನ್ನು ಬಿಗಿಯಾಗಿ ಹಿಡಿದಿರಬೇಕು, ಮೊಂಡಾದ ಅಲಗನ್ನು ಇನ್ನೊಂದು ಜಾಬ್ ಆಗಲಿ ಎಂದು ಮುಂದುವರಿಸಬಾರದು. ಮೊಂಡು ಅಲಗಿನಿಂದ ಹುಟ್ಟುವ ಬಿಸಿಗೆ ಟೈಟಾನಿಯಮ್ಮಿನ ತೆಳುವಾದ ಸಿಪ್ಪೆ ಹೊತ್ತಿಕೊಳ್ಳುವುದೂ ಉಂಟು. ಹಾಗೆ ಹೊತ್ತಿದ ಬೆಂಕಿಗೆ ನೀರು ಹಾಕಿದರೆ ಅದು ಇನ್ನಷ್ಟು ಭುಗಿಲೇಳುತ್ತದೆ, ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಪುಡಿಯಿಂದಲೇ ಅದನ್ನು ಮುಚ್ಚಿ ಆರಿಸಬೇಕು.

ಇದೇ ಜಿಲ್ಲೆಯ ಚಳ್ಳಕೆರೆಯ ಬಳಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. ಇಸ್ರೋದ ಮರುಬಳಕೆಯ ಉಡಾವಣಾ ವಾಹನದ ಮಾದರಿ 2023ರ ಏಪ್ರಿಲ್ 2ರಂದು ಅಲ್ಲಿನ ರನ್‌ವೇಯಲ್ಲಿ ತಾನಾಗಿ ಇಳಿಯಿತು, 2024ರಲ್ಲಿ ಮತ್ತೆರಡು ಬಾರಿ ಇಳಿದು ತೋರಿಸಿತು. ವಿಮಾನ ಹಾರುವ ಜಾಗ ಜಿಲ್ಲೆಯೊಳಗೇ ಬಂದಿದೆ, ಆದರೆ ಅದರ ಬಿಡಿಭಾಗ ಕಡಿಯುವ ಕೆಲಸ ಬೆಂಗಳೂರು, ಬೆಳಗಾವಿಗಳಲ್ಲಿದೆ, ಆ ಕೆಲಸಕ್ಕೆ ಇಲ್ಲಿನ ಹುಡುಗರು ಹೋಗಿ ಸೇರಬೇಕಾಗಿದೆ. ಜಿಲ್ಲೆಯ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳು ಮೆದು ಉಕ್ಕಿನ ಸರಳಿನ ಮೇಲೆ ತರಬೇತಿ ಮುಗಿಸದೆ, ಸ್ಟೇನ್‌ಲೆಸ್ ಉಕ್ಕಿನ ಒಂದು ತುಂಡನ್ನೂ ಸಾಧ್ಯವಾದರೆ ಟೈಟಾನಿಯಮ್ಮಿನ ಒಂದು ತುಂಡನ್ನೂ ವಿದ್ಯಾರ್ಥಿಗಳ ಕೈಗೆ ಕೊಡಬೇಕು, ಪ್ರತಿ ಐದು ನಿಮಿಷಕ್ಕೊಮ್ಮೆ ಯಂತ್ರ ನಿಲ್ಲಿಸಿ ಅಲಗಿನ ಸವೆತವನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಬರೆದಿಡುವುದನ್ನು ಕಲಿಸಬೇಕು. ಕೊಳವೆಬಾವಿ ಕೊರೆಸುವ ರೈತರೂ ಕೆಲಸ ಶುರುವಾಗುವ ಮೊದಲು ಬಿಟ್ಟಿನ ಹೊರಸುತ್ತಿನ ಗುಂಡಿಗಳು ದುಂಡಗಿವೆಯೇ ಎಂದು ನೋಡಿ, ಅದರ ಅಗಲವನ್ನು ಅಳತೆಪಟ್ಟಿ ಹಿಡಿದು ಅಳೆಯಿಸಬೇಕು.