ಡೈವ್ ಕಂಪ್ಯೂಟರಿನೊಳಗಿನ ಆಡು

ಮಳೆಗಾಲ ಕಳೆದು ಕಡಲು ತಿಳಿಯಾಗುತ್ತಲೇ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪದತ್ತ ಸ್ಕೂಬಾ ಡೈವಿಂಗಿನ ದೋಣಿಗಳು ಹೊರಡತೊಡಗುತ್ತವೆ. ತರಬೇತಿ ಪಡೆದ ಡೈವರ್‌ಗಳ ಮಣಿಕಟ್ಟಿನಲ್ಲಿ ಈಗ ಸಾಮಾನ್ಯವಾಗಿ ಕಾಣುವ ಡೈವ್ ಕಂಪ್ಯೂಟರ್ ಎಂಬ ಉಪಕರಣವು, ಇರುವ ಆಳದಲ್ಲಿ ಇನ್ನೆಷ್ಟು ನಿಮಿಷ ಇರಬಹುದು, ಎಷ್ಟು ನಿಧಾನವಾಗಿ ಮೇಲೇರಬೇಕು ಎಂಬುದನ್ನು ಕ್ಷಣಕ್ಷಣಕ್ಕೂ ಅಂಕಿಗಳಲ್ಲಿ ತೋರಿಸುವುದರಿಂದ, ಅದು ತೊಟ್ಟವರ ರಕ್ತದಲ್ಲಿ ಸೇರಿಕೊಂಡ ಸಾರಜನಕವನ್ನೇ ಅಳೆಯುತ್ತಿದೆ ಎಂದು ನಂಬುವವರು ಕಡಿಮೆಯೇನಿಲ್ಲ. ವಾಸ್ತವದಲ್ಲಿ ಅದರ ಸಂವೇದಕಕ್ಕೆ ಗೊತ್ತಾಗುವುದು ಸುತ್ತಲಿನ ನೀರಿನ ಒತ್ತಡ ಮಾತ್ರ. ಒಳಗಿನ ಗಡಿಯಾರಕ್ಕೆ ಗೊತ್ತಿರುವುದು ಕಳೆದ ಸಮಯ ಮಾತ್ರ. ಉಳಿದದ್ದೆಲ್ಲ ಲೆಕ್ಕಾಚಾರ. ಆ ಲೆಕ್ಕಾಚಾರದ ಮೂಲವನ್ನು ಹುಡುಕುತ್ತ ಹೋದರೆ ಶತಮಾನದ ಹಿಂದೆ ಲಂಡನ್ನಿನ ಪ್ರಯೋಗಾಲಯವೊಂದರ ಉಕ್ಕಿನ ಕೋಣೆಯಲ್ಲಿ ಕೂಡಿಹಾಕಿದ್ದ ಆಡುಗಳು ಎದುರಾಗುತ್ತವೆ.

ಡೈವರ್ ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿನಲ್ಲಿ ಇರುವುದು, ಪತ್ರಿಕೆಗಳು ಅನೇಕ ಬಾರಿ ಬರೆಯುವಂತೆ ಆಮ್ಲಜನಕವಲ್ಲ; ಸಾಮಾನ್ಯವಾಗಿ ಅದು ಸುಮಾರು 200 ಬಾರ್ ಒತ್ತಡಕ್ಕೆ ಅಮುಕಿ ತುಂಬಿದ, ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಆಗಿರುವ ಮಾಮೂಲಿ ಗಾಳಿ. ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸಿದ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಒತ್ತಡವನ್ನು ತಗ್ಗಿಸಿ ಉಸಿರೆಳೆದಾಗಷ್ಟೇ ಗಾಳಿ ಬಿಡುವ ಕವಾಟ, ಆ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ ಬಾಯಿಗೆ ಒದಗಿಸುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತ ಹೋಗುವುದರಿಂದ 20 ಮೀಟರ್ ಆಳದಲ್ಲಿ ಎಳೆದ ಒಂದೊಂದು ಉಸಿರಿನಲ್ಲೂ ದಡದಲ್ಲಿ ಎಳೆದ ಉಸಿರಿನ ಮೂರು ಪಟ್ಟು ಅನಿಲ ಇರುತ್ತದೆ. ಅದರಲ್ಲಿನ ಆಮ್ಲಜನಕವನ್ನು ದೇಹ ಬಳಸಿಕೊಳ್ಳುತ್ತದೆ. ಸಾರಜನಕ ಬಳಕೆಗೆ ಬಾರದೆ ರಕ್ತದಲ್ಲಿ, ಕೊಬ್ಬಿನಲ್ಲಿ, ನರಗಳಲ್ಲಿ ಕರಗಿ ಕೂರುತ್ತದೆ.

ಮುಂದೆ ನಡೆಯುವುದನ್ನು ಗೋಲಿ ಸೋಡಾ ಕಂಡವರು ಊಹಿಸಬಲ್ಲರು. ಕತ್ತಿನ ಗೋಲಿಯನ್ನು ಒಳಗಿನಿಂದ ಒತ್ತಿ ಹಿಡಿದಿರುವ ಅನಿಲವು ಒತ್ತಡ ಇರುವವರೆಗೂ ನೀರಿನಲ್ಲಿ ಕಾಣದಂತೆ ಕರಗಿರುತ್ತದೆ. ಹೆಬ್ಬೆರಳಿನಿಂದ ಗೋಲಿಯನ್ನು ಒಳಕ್ಕೆ ಒತ್ತಿದ ಕ್ಷಣವೇ ಬುಸ್ಸೆಂದು ನೊರೆ ಉಕ್ಕುತ್ತದೆ. ಗೋಲಿಯನ್ನು ತುಸುವೇ ಸರಿಸಿ ಅನಿಲವನ್ನು ಸ್ವಲ್ಪಸ್ವಲ್ಪವಾಗಿ ಹೊರಬಿಟ್ಟರೆ ನೊರೆ ಏಳುವುದಿಲ್ಲ. ಆಳದಿಂದ ಸರಕ್ಕನೆ ಮೇಲೆ ಬಂದ ಡೈವರ್‌ನ ಮೈಯಲ್ಲಿಯೂ ಹೀಗೆಯೇ ಗುಳ್ಳೆಗಳು ಹುಟ್ಟುತ್ತವೆ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಸೋಡಾದ ಗುಳ್ಳೆಗೆ ಸೀಸೆಯ ಬಾಯಿ ಇದೆ. ಕೀಲಿನ ಸಂದಿಯಲ್ಲೋ ಬೆನ್ನುಹುರಿಯಲ್ಲೋ ಹುಟ್ಟಿದ ಗುಳ್ಳೆಗೆ ಅಂಥ ನೇರ ದಾರಿಯಿಲ್ಲ. ಅದು ನೋವು, ಜೋಮು, ಕೆಲವೊಮ್ಮೆ ಪಾರ್ಶ್ವವಾಯುವನ್ನೇ ತರಬಲ್ಲದು. ಒತ್ತಡ ಇಳಿಕೆಯಿಂದ ಬರುವ ಈ ಕಾಯಿಲೆಗೆ ಡೈವರ್‌ಗಳು ‘ಬೆಂಡ್ಸ್’ ಎನ್ನುತ್ತಾರೆ. ಅದೂ ಅಲ್ಲದೆ, ದೇಹವೆಂಬುದು ಒಂದೇ ದ್ರವವಲ್ಲ: ರಕ್ತ ಸಂಚಾರ ಹೆಚ್ಚಿರುವ ಮಿದುಳು ಬೇಗ ಸಾರಜನಕ ತುಂಬಿಕೊಂಡು ಬೇಗ ಖಾಲಿ ಮಾಡಿದರೆ, ನೀರಿಗಿಂತ ಸುಮಾರು ಐದು ಪಟ್ಟು ಸಾರಜನಕವನ್ನು ಕರಗಿಸಿಕೊಳ್ಳುವ ಕೊಬ್ಬು ನಿಧಾನವಾಗಿ ತುಂಬಿಕೊಂಡು ಅಷ್ಟೇ ನಿಧಾನವಾಗಿ ಬಿಟ್ಟುಕೊಡುತ್ತದೆ.

ಒತ್ತಡ ಇಳಿಸಿದಾಗ ಜೀವಿಯೊಳಗೆ ಗುಳ್ಳೆ ಹುಟ್ಟುವುದನ್ನು ರಾಬರ್ಟ್ ಬಾಯ್ಲ್ 1670ರಲ್ಲಿಯೇ ಕಂಡಿದ್ದ. ಗಾಳಿ ತೆಗೆದ ಪಾತ್ರೆಯಲ್ಲಿಟ್ಟಿದ್ದ ಹಾವಿನ ಕಣ್ಣಿನ ದ್ರವದಲ್ಲಿ ಗುಳ್ಳೆಯೊಂದು ಅತ್ತಿತ್ತ ಸರಿದಾಡಿತೆಂದು ಅವನು ದಾಖಲಿಸಿದ್ದಾನೆ. ಆ ಮಾತನ್ನು ಮನುಷ್ಯರಿಗೆ ಅನ್ವಯಿಸಿ ನೋಡುವ ಅಗತ್ಯ ಬಿದ್ದದ್ದು ಎರಡು ಶತಮಾನದ ಬಳಿಕ, ನದಿಗಳ ತಳದಲ್ಲಿ ಅಧಿಕ ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳೊಳಗೆ ಕುಳಿತು ಸೇತುವೆಯ ಅಡಿಪಾಯ ತೋಡುತ್ತಿದ್ದ ಕೂಲಿಗಳು ಕೆಲಸ ಮುಗಿಸಿ ಹೊರಬಂದೊಡನೆ ನೋವಿನಿಂದ ಮುದುಡಿ ಬೀಳತೊಡಗಿದಾಗ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಸಹ 1872ರಲ್ಲಿ ಇದೇ ಕಾಯಿಲೆಗೆ ತುತ್ತಾಗಿ, ಉಳಿದ ಕಾಮಗಾರಿಯನ್ನು ಪತ್ನಿ ಎಮಿಲಿಯ ಮೂಲಕ ನಡೆಸಬೇಕಾಯಿತು. ಕಾರಣ ಸಾರಜನಕದ ಗುಳ್ಳೆಯೇ ಎಂದು 1878ರಲ್ಲಿ ತೋರಿಸಿಕೊಟ್ಟವನು ಫ್ರೆಂಚ್ ಶರೀರವಿಜ್ಞಾನಿ ಪಾಲ್ ಬೇರ್.

ಎಷ್ಟು ನಿಧಾನವಾಗಿ ಏರಿದರೆ ಸಾಕು ಎಂಬ ಪ್ರಶ್ನೆಗೆ ಬ್ರಿಟಿಷ್ ನೌಕಾಪಡೆಯ ಕೋರಿಕೆಯ ಮೇರೆಗೆ ಉತ್ತರ ಹುಡುಕಿದವನು ಜಾನ್ ಸ್ಕಾಟ್ ಹಾಲ್ಡೇನ್. ಅವನು ಆಡುಗಳನ್ನು ಆರಿಸಿಕೊಂಡದ್ದಕ್ಕೆ ಕಾರಣ, ಸುಲಭವಾಗಿ ಸಿಗುವ ಪ್ರಾಣಿಗಳಲ್ಲಿ ಅವು ತೂಕದಲ್ಲಿ ಮನುಷ್ಯನಿಗೆ ತಕ್ಕಮಟ್ಟಿಗೆ ಹತ್ತಿರ. ಮೇಲಾಗಿ ಗುಳ್ಳೆಯಿಂದ ಕೀಲು ನೊಂದಾಗ ಆಡು ಮುಂಗಾಲನ್ನು ಮಡಚಿ ಎತ್ತಿ ನಿಲ್ಲುತ್ತದೆ, ಹಾಗಾಗಿ ಕಾಯಿಲೆ ಕಣ್ಣಿಗೇ ಕಾಣುತ್ತದೆ. ಒತ್ತಡವನ್ನು ಅರ್ಧಕ್ಕೆ ಇಳಿಸಿದಾಗ ತೊಂದರೆಯಾಗುವುದಿಲ್ಲ ಎಂಬುದನ್ನು ಆಧಾರವಾಗಿಟ್ಟುಕೊಂಡು, ಅವನು ದೇಹವನ್ನು ಐದು ಕಾಲ್ಪನಿಕ ಅಂಗಾಂಶಗಳಾಗಿ ವಿಂಗಡಿಸಿದ. ಅವು ಅರ್ಧದಷ್ಟು ತುಂಬಲು ತೆಗೆದುಕೊಳ್ಳುವ ಸಮಯ ಕ್ರಮವಾಗಿ 5, 10, 20, 40 ಮತ್ತು 75 ನಿಮಿಷ ಎಂದು ಭಾವಿಸಿ, ಮೇಲೇರುವಾಗ ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ತಂಗಬೇಕೆಂಬ ಕೋಷ್ಟಕ ಕಟ್ಟಿದ. 1906ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಕಡಲಿನಲ್ಲಿ ನೌಕಾಪಡೆಯ ಇಬ್ಬರು ಡೈವರ್‌ಗಳು ಆ ಕೋಷ್ಟಕವನ್ನು ನಂಬಿ 64 ಮೀಟರ್ ಆಳಕ್ಕಿಳಿದು ಸುರಕ್ಷಿತವಾಗಿ ಮೇಲೆ ಬಂದರು. ಫಲಿತಾಂಶ 1908ರಲ್ಲಿ ಪ್ರಕಟವಾಯಿತು.

ಅದೇ ಪರೀಕ್ಷೆಯ ವೇಳೆ ಅಳತೆಗೆ ದೊಡ್ಡದಾದ ಡೈವಿಂಗ್ ಉಡುಪು ತೊಟ್ಟು ನೀರಿಗಿಳಿದು, ಒಳಕ್ಕೆ ನುಗ್ಗಿದ ನೀರಿನಲ್ಲಿ ನೆನೆದು ಮೇಲೆ ಬಂದ ಹದಿಮೂರರ ಹುಡುಗ ಹಾಲ್ಡೇನನ ಮಗ. ಮುಂದೆ ಭಾರತದ ಪೌರತ್ವ ಪಡೆದು 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದ ಪ್ರಸಿದ್ಧ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಇವರೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಒತ್ತಡದ ಕೋಣೆಯೊಳಗೆ ಶುದ್ಧ ಆಮ್ಲಜನಕವನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡಾಗ ಬಂದ ಸೆಳವಿನಿಂದ ಅವರ ಬೆನ್ನೆಲುಬಿಗೆ ಪೆಟ್ಟಾಯಿತು. ಅಧಿಕ ಒತ್ತಡದಲ್ಲಿ ಆಮ್ಲಜನಕವೇ ವಿಷವಾಗುತ್ತದೆ. ಡೈವರ್‌ನ ಬೆನ್ನ ಮೇಲಿನ ಸಿಲಿಂಡರಿನಲ್ಲಿ ನಿಜವಾಗಿಯೂ ಬರೀ ಆಮ್ಲಜನಕವಿದ್ದರೆ ಆರು ಮೀಟರಿಗಿಂತ ಕೆಳಗೆ ಅದೇ ಪ್ರಾಣಕ್ಕೆ ಕುತ್ತಾದೀತು.

ಹಾಲ್ಡೇನನ ಐದು ಅಂಗಾಂಶಗಳನ್ನು ಜ್ಯೂರಿಕ್‌ನ ಆಲ್ಬರ್ಟ್ ಬ್ಯೂಲ್‌ಮನ್ ಹದಿನಾರಕ್ಕೆ ಹೆಚ್ಚಿಸಿದ, ಒತ್ತಡವನ್ನು ಎಷ್ಟರಮಟ್ಟಿಗೆ ಇಳಿಸಬಹುದೆಂಬ ಅನುಪಾತಗಳೂ ಪರಿಷ್ಕಾರಗೊಂಡವು. ಆದರೂ ಇಂದಿನ ದುಬಾರಿ ಕಂಪ್ಯೂಟರ್ ಸಹ ಲೆಕ್ಕ ಹಾಕುವುದು ಕಾಲ್ಪನಿಕ ದೇಹವೊಂದರದ್ದೇ. ತೊಟ್ಟವರು ಹಿಂದಿನ ರಾತ್ರಿ ನಿದ್ದೆಗೆಟ್ಟದ್ದು, ವಾಂತಿಯಾಗಿ ನೀರಿನಂಶ ಕಳೆದುಕೊಂಡದ್ದು, ಪ್ರವಾಹಕ್ಕೆ ಎದುರಾಗಿ ಈಜಿ ದಣಿದದ್ದು ಅದಕ್ಕೆ ತಿಳಿಯದು. ಸುಮಾರು ನಾಲ್ವರಲ್ಲಿ ಒಬ್ಬರ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದ ಉಳಿದುಬರುವ ಸಣ್ಣ ಕಿಂಡಿ, ಶ್ವಾಸಕೋಶದಲ್ಲಿ ಸೋಸಿಹೋಗಬೇಕಾದ ಗುಳ್ಳೆಗಳನ್ನು ನೇರವಾಗಿ ಮಿದುಳಿನತ್ತ ಬಿಟ್ಟುಬಿಡಬಹುದೆಂಬುದೂ ತಿಳಿಯದು. ಹಾಗಾಗಿ ನುರಿತ ಡೈವರ್‌ಗಳು ಕಂಪ್ಯೂಟರ್ ಕೊಟ್ಟ ಮಿತಿಯನ್ನು ಕೊನೆಯ ನಿಮಿಷದವರೆಗೂ ಬಳಸಿಕೊಳ್ಳದೆ, ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರದೆ, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತೇ ಮೇಲೆ ಬರುತ್ತಾರೆ. ಉಸಿರನ್ನಂತೂ ಎಂದೂ ಹಿಡಿಯುವುದಿಲ್ಲ; 10 ಮೀಟರಿನಿಂದ ಮೇಲ್ಮೈಗೆ ಬರುವಷ್ಟರಲ್ಲಿ ಶ್ವಾಸಕೋಶದ ಗಾಳಿ ಇಮ್ಮಡಿಯಾಗಿ ಅದನ್ನು ಹರಿದುಬಿಡಬಲ್ಲದು.

ನಿಜವಾದ ಆಮ್ಲಜನಕದ ಸಿಲಿಂಡರ್ ಇರಬೇಕಾದದ್ದು ದೋಣಿಯಲ್ಲಿ. ಬೆಂಡ್ಸ್‌ನ ಲಕ್ಷಣ ಕಂಡವರಿಗೆ ಕೂಡಲೇ ಶುದ್ಧ ಆಮ್ಲಜನಕ ಕೊಟ್ಟರೆ ದೇಹದ ಸಾರಜನಕ ಬೇಗ ಹೊರಬೀಳುತ್ತದೆ, ಒತ್ತಡದ ಕೋಣೆಯಿರುವ ಆಸ್ಪತ್ರೆ ತಲುಪುವವರೆಗೆ ಹೆಚ್ಚಿನ ಹಾನಿ ತಪ್ಪುತ್ತದೆ. ದೋಣಿಯ ಉಳಿದ ಕಟ್ಟುಪಾಡುಗಳಿಗೆ ಯಾವ ಗಣಿತವೂ ಬೇಕಿಲ್ಲ: ಡೈವರ್ ಏಣಿಯ ಬಳಿ ಇರುವಾಗ ಎಂಜಿನ್ನಿನ ಪಂಖ ತಿರುಗಕೂಡದು, ಕೆಳಗೆ ಜನರಿದ್ದಾರೆಂದು ಬೇರೆ ದೋಣಿಗಳಿಗೆ ಬಾವುಟ ತೋರಿಸಬೇಕು, ಹೊರಡುವ ಮುನ್ನ ಹೆಸರು ಕೂಗಿ ಎಣಿಸಬೇಕು. 1998ರ ಜನವರಿಯಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಎಣಿಕೆ ತಪ್ಪಿ, ಅಮೆರಿಕದ ದಂಪತಿಯನ್ನು ಕಡಲಿನಲ್ಲಿಯೇ ಬಿಟ್ಟು ದೋಣಿ ಮರಳಿತು. ಅವರು ಕಾಣೆಯಾದದ್ದು ಗಮನಕ್ಕೆ ಬಂದದ್ದು ಎರಡು ದಿನಗಳ ಬಳಿಕ, ದೋಣಿಯಲ್ಲುಳಿದ ಅವರ ಚೀಲ ಕಣ್ಣಿಗೆ ಬಿದ್ದಾಗ. ಅವರು ಮತ್ತೆ ಸಿಗಲೇ ಇಲ್ಲ.

ದಡ ಸೇರಿದ ಮೇಲೂ ಸಾರಜನಕ ಹೊರಹೋಗುತ್ತಲೇ ಇರುತ್ತದೆ. ಆದ್ದರಿಂದಲೇ ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ದಿನಗಟ್ಟಲೆ ಡೈವ್ ಮಾಡಿದ್ದರೆ 18 ಗಂಟೆ ವಿಮಾನ ಹತ್ತಬಾರದೆಂಬ ಸಲಹೆಯಿದೆ. ಅಂಡಮಾನಿನಿಂದ ಮರಳುವವರು ಇದನ್ನು ನೆನಪಿಡುತ್ತಾರೆ. ಮುರ್ಡೇಶ್ವರದಿಂದ ರಾತ್ರಿ ಬಸ್ಸು ಹಿಡಿದು ಘಾಟಿ ಏರುವವರಿಗೆ ಇಂಥದೊಂದು ವಿಚಾರ ಇದೆಯೆಂಬುದೇ ಹೊಳೆಯುವುದಿಲ್ಲ. ಬೆಂಗಳೂರಿನ ಎತ್ತರ ಸುಮಾರು 900 ಮೀಟರ್, ಅಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ತರಬೇತುದಾರರ ಕೈಹಿಡಿದು ಒಮ್ಮೆ ಇಳಿದು ಬಂದವರಿಗೆ ಇದರಿಂದ ಅಪಾಯ ಅತ್ಯಲ್ಪ. ದಿನವಿಡೀ ಮತ್ತೆ ಮತ್ತೆ ಆಳಕ್ಕಿಳಿದವರು ಒಂದು ರಾತ್ರಿ ಕರಾವಳಿಯಲ್ಲಿಯೇ ತಂಗುವುದು ಒಳಿತು. ಘಾಟಿಯ ತಿರುವಿನಲ್ಲಿ ಭುಜವೋ ಮೊಣಕಾಲೋ ನೋಯಲಾರಂಭಿಸಿದರೆ ಬಸ್ಸಿನ ಕುಲುಕಾಟವೆಂದು ಬಿಟ್ಟುಬಿಡುವ ಸಂಭವವೇ ಹೆಚ್ಚು. ವೈದ್ಯರ ಬಳಿ ಹೋದರೂ ಹಿಂದಿನ ದಿನ ಸಮುದ್ರಕ್ಕೆ ಇಳಿದಿದ್ದನ್ನು ರೋಗಿಯೇ ಬಾಯಿಬಿಟ್ಟು ಹೇಳಿದ ಹೊರತು ಅವರಿಗೆ ಗುಳ್ಳೆಯ ಸುಳಿವು ಸಿಗಲಾರದು.