ಯಾರ ಮುಖದ ಅಳತೆಯ ಮಾಸ್ಕ್?

2020ರ ಏಪ್ರಿಲ್, ಬ್ರಿಟನ್. ಕೋವಿಡ್‌ಗೆ ಬಲಿಯಾದರೆಂದು ಮೊದಲು ಹೆಸರು ಹೊರಬಂದ 10 ವೈದ್ಯರು. ಹತ್ತಕ್ಕೆ ಹತ್ತೂ ಕಪ್ಪು, ಏಷ್ಯನ್ ಮತ್ತಿತರ ಅಲ್ಪಸಂಖ್ಯಾತ ಜನಾಂಗದವರು!

ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ನೂರಕ್ಕೂ ಹೆಚ್ಚು ಸಿಬ್ಬಂದಿಯ ಸಾವನ್ನು ಹೆಲ್ತ್ ಸರ್ವಿಸ್ ಜರ್ನಲ್ ಪರಿಶೀಲಿಸಿತು. ಒಟ್ಟು ಸಿಬ್ಬಂದಿಯಲ್ಲಿ ಈ ಸಮುದಾಯಗಳ ಪಾಲು ಸುಮಾರು 21%. ಸಾವಿನಲ್ಲಿ 63%.

ಯಾಕೆ? ಒಂದು ಸುಳಿವು ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಸಮೀಕ್ಷೆಯಲ್ಲಿದೆ. ಸಾಕಷ್ಟು ರಕ್ಷಣಾ ಉಡುಪಿಲ್ಲದೆ ರೋಗಿಗಳನ್ನು ನೋಡುವ ಒತ್ತಡ ಬಿಳಿಯ ವೈದ್ಯರಿಗಿಂತ ಈ ಸಮುದಾಯಗಳ ವೈದ್ಯರ ಮೇಲೇ ಹೆಚ್ಚಿತ್ತು.

ಇನ್ನು ಮಹಿಳೆಯರು. ಎನ್‌ಎಚ್‌ಎಸ್‌ನ ನಾಲ್ವರಲ್ಲಿ ಮೂವರು ಅವರೇ. ಆದರೂ ಎಷ್ಟೋ ಮಾಸ್ಕ್‌ಗಳ ಅಳತೆ ಗಂಡಸಿನ ಮುಖದ್ದು! ಅಂಚು ಸಡಿಲವಾದರೆ ಗಾಳಿಯ ಜೊತೆ ವೈರಸ್ಸೂ ಒಳನುಗ್ಗುತ್ತದೆ. ಅಂಥ ಮಾಸ್ಕ್ ಕಟ್ಟಿಕೊಂಡೇ ಅವರಲ್ಲಿ ಎಷ್ಟೋ ಮಂದಿ ಐಸಿಯು ಪಾಳಿಗೆ ಹೋದರು.