ಕಿಂಡಿಯಲ್ಲಿ ಕೂತ ಸುಣ್ಣದ ಧೂಳು

ಶಹಾಬಾದಿನಲ್ಲಿ ಪರ್ಸಿ ಕಲ್ಲು ಕೊಯ್ಯುವ ಯಂತ್ರಗಳ ಸುತ್ತ, ವಾಡಿ–ಚಿತ್ತಾಪುರ–ಸೇಡಂ ದಾರಿಯ ಸಿಮೆಂಟ್ ಲಾರಿಗಳ ಹಿಂದೆ, ಚಿಂಚೋಳಿ ಕಡೆಯ ಸುಣ್ಣಕಲ್ಲಿನ ಗಣಿಗಳ ಬದಿಯಲ್ಲಿ ಓಡಾಡುವವರಿಗೆ ಬಿಳಿ ಧೂಳು ಹೊಸತಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲೂ ಹೊಸತಲ್ಲ. ಹೊಸತಾಗಿ ಬಂದಿರುವುದು, ಈ ಎರಡನ್ನೂ ಉಸಿರಾಡಬೇಕಾದ ಹೈಬ್ರಿಡ್ ಕಾರಿನ ಬ್ಯಾಟರಿ.

ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ತಯಾರಾಗುವ ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನೋವಾ ಹೈಕ್ರಾಸ್ ಕಾರುಗಳು 2022ರಲ್ಲಿ ಜನರ ಮುಂದೆ ಬಂದವು. ಟೊಯೋಟಾ ತನ್ನ ಹೈಬ್ರಿಡ್ ಬ್ಯಾಟರಿಗೆ ಕೊಡುವ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. 2022ರಲ್ಲಿ ಕೊಂಡ ಮನೆಬಳಕೆಯ ಗಾಡಿಗೆ ಆ ಗಡುವು 2030ರ ಆಚೀಚೆ. ದಿನಕ್ಕೆ 200 ಕಿಲೋಮೀಟರ್ ಓಡುವ ಬಾಡಿಗೆ ಗಾಡಿಗಾದರೆ 800 ದಿನಕ್ಕೇ ಮುಗಿಯಿತು. ಆಮೇಲಿನ ಖರ್ಚು ಮಾಲೀಕರದು. ಆ ಖರ್ಚು ಬೇಗ ಬರುತ್ತದೋ ತಡವಾಗಿ ಬರುತ್ತದೋ ಎಂಬುದಕ್ಕೆ ಗಾಡಿಯೊಳಗಿನ ಒಂದು ಸಣ್ಣ ಕಿಂಡಿಯೂ ಕಾರಣ.

ಹೈಕ್ರಾಸ್ ಹೈಬ್ರಿಡ್‌ನಲ್ಲಿ ನಿಕಲ್–ಮೆಟಲ್ ಹೈಡ್ರೈಡ್‌ನ 168 ಕೋಶಗಳಿವೆ. ಒಂದೊಂದೂ 1.2 ವೋಲ್ಟ್, ಸಾಲಾಗಿ ಜೋಡಿಸಿದರೆ 201.6. ಸಾಲಿನಲ್ಲಿ ಒಂದು ಎತ್ತು ಸೋತರೆ ಇಡೀ ಬಂಡಿ ನಿಧಾನವಾಗುವಂತೆ, ಒಂದು ಕೋಶ ಸೊರಗಿದರೆ ಉಳಿದವುಗಳ ಬಲವೂ ಕೆಲಸಕ್ಕೆ ಬಾರದು. ಇಂಥ ಬ್ಯಾಟರಿಯನ್ನು ತಂಪಾಗಿಡುವುದು ಕಾರಿನೊಳಗಿನ ಗಾಳಿ. ಸೀಟಿನ ಆಸುಪಾಸಿನ ಕಿಂಡಿಯಿಂದ ಫ್ಯಾನ್ ಆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕಿಂಡಿಗೆ ಅಥವಾ ಅದರ ಜಾಲರಿಗೆ ಧೂಳು ಮೆತ್ತಿದರೆ ಗಾಳಿ ಕಡಿಮೆಯಾಗುತ್ತದೆ. ಸುತ್ತಲೂ ಕೋಶಗಳಿಂದ ಮುಚ್ಚಿಹೋದ ನಡುವಿನವು ಹೆಚ್ಚು ಕಾಯುತ್ತವೆ. ಶಾಖ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿ ಎಂಬುದು ರಸಾಯನಶಾಸ್ತ್ರದ ಹಳೆಯ ಲೆಕ್ಕ. ಬ್ಯಾಟರಿಯನ್ನು ಮುದಿಯಾಗಿಸುವ ಕ್ರಿಯೆಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ. ಹೀಗೆ ಒಂದೇ ದಿನ ಹುಟ್ಟಿದ ಕೋಶಗಳಲ್ಲಿ ಕೆಲವು ಮೊದಲೇ ಮುಪ್ಪಾಗುತ್ತವೆ.

ಎಚ್ಚರಿಕೆಯ ದೀಪ ಹೊತ್ತುವುದಕ್ಕೆ ಮುಂಚೆಯೇ ಸುಳಿವು ಸಿಗುತ್ತದೆ. ಫ್ಯಾನಿನ ಸದ್ದು ಜೋರಾಗುತ್ತದೆ. ಮೈಲೇಜ್ ಇಳಿಯುತ್ತದೆ. ಚಾರ್ಜ್ ತೋರಿಸುವ ಪಟ್ಟಿ ಕಾರಣವಿಲ್ಲದೆ ಸರ್ರನೆ ಏರಿಳಿಯುತ್ತದೆ.

ಇನ್ನು ದೀಪಗಳ ವಿಚಾರ. ಬ್ಯಾಟರಿ ಚಿತ್ರದ ಕೆಂಪು ದೀಪ ಕಂಡೊಡನೆ ಹೈಬ್ರಿಡ್ ಬ್ಯಾಟರಿ ಹೋಯಿತೆಂದು ಎದೆ ಒಡೆದುಕೊಳ್ಳುವವರಿದ್ದಾರೆ. ಅದು ಹೇಳುವುದು 12 ವೋಲ್ಟಿನ ಸಣ್ಣ ಬ್ಯಾಟರಿಗೆ ಚಾರ್ಜ್ ಹೋಗುತ್ತಿಲ್ಲವೆಂದು. ಹಾಗೆಂದು ಅಲಕ್ಷಿಸುವಂತಿಲ್ಲ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ದೊಡ್ಡ ಬ್ಯಾಟರಿಯ ತೊಂದರೆ ಬರುವುದು ಪರದೆಯ ಮೇಲಿನ ಹೈಬ್ರಿಡ್ ವ್ಯವಸ್ಥೆಯ ಸಂದೇಶವಾಗಿ, ಜೊತೆಗೆ ಸಾಮಾನ್ಯವಾಗಿ ಎಂಜಿನ್ ಚಿತ್ರದ ಹಳದಿ ದೀಪವಾಗಿ. ಬ್ಯಾಟರಿ ತಂಪುಗೊಳಿಸುವ ಭಾಗಕ್ಕೆ ಆರೈಕೆ ಬೇಕೆಂಬ ಸಂದೇಶ ಬಂದರೆ ಮೊದಲು ಕಿಂಡಿ ನೋಡಿ.

ದೀಪದ ಹಿಂದೆ ಸ್ಕ್ಯಾನರ್ ಓದುವ ದೋಷದ ಕೋಡ್ ಇರುತ್ತದೆ. ಪಿ0ಎ82 ಎಂದರೆ ಬ್ಯಾಟರಿ ಫ್ಯಾನಿನ ಕೆಲಸ ಸಾಲದು. ಧೂಳಿನ ಊರಿನಲ್ಲಿ ಇದನ್ನು ಮೊದಲ ಕೂಗು ಎಂದೇ ಕೇಳಿಸಿಕೊಳ್ಳಬೇಕು. ಪಿ0ಎ80ರ ಅಧಿಕೃತ ಅರ್ಥ ‘ಬ್ಯಾಟರಿ ಬದಲಿಸಿ’. ಆದರೆ ಕೋಶಗಳನ್ನು ಬೆಸೆಯುವ ತಾಮ್ರದ ಪಟ್ಟಿಗೆ ಕಿಲುಬು ಹಿಡಿದು ವೋಲ್ಟೇಜ್ ತಪ್ಪಾಗಿ ಕಂಡರೂ ಇದೇ ಕೋಡ್ ಬರಬಹುದು. ಕೋಶಗಳ ಪ್ರತಿ ಗುಂಪಿನ ವೋಲ್ಟೇಜ್ ಅಳೆಯದೆ ಬ್ಯಾಟರಿ ಬದಲಿಸಲು ಒಪ್ಪಬೇಡಿ. ಪಿ0ಎಎ6 ಬೇರೆಯದೇ ಜಾತಿ: ಹೆಚ್ಚಿನ ವೋಲ್ಟೇಜು ಗಾಡಿಯ ಲೋಹದ ಮೈಗೆ ಸೋರುತ್ತಿರುವ ಶಂಕೆ. ಒಳಗೆ ನೀರು ಹೊಕ್ಕರೂ ಹೀಗಾಗಬಹುದು. ಕಾಗಿಣಾ ನದಿ ಉಕ್ಕಿ ಮಳಖೇಡದ ಸೇತುವೆಯ ಮೇಲೆ ನೀರು ಹರಿಯುವುದನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನೀರು ಹೊಕ್ಕ ಹೈಬ್ರಿಡ್ ಗಾಡಿಯನ್ನು ಚಾಲೂ ಮಾಡಲೇಬಾರದು.

ಹೆಚ್ಚಿನ ಹಾನಿ ಆಗುವುದು ಇಲ್ಲಿಂದ ಮುಂದೆ. ಅಗ್ಗದ ಸ್ಕ್ಯಾನರ್ ಹಚ್ಚಿ ಕೋಡ್ ಅಳಿಸಿದರೆ ದೀಪ ಆರುತ್ತದೆ, ಬೇನೆ ಆರುವುದಿಲ್ಲ. ದೋಷ ಕಂಡ ಗಳಿಗೆಯ ವೇಗ, ಶಾಖದಂಥ ವಿವರಗಳನ್ನು ಕಂಪ್ಯೂಟರ್ ಕೋಡಿನ ಜೊತೆಗೇ ಬರೆದಿಟ್ಟಿರುತ್ತದೆ. ಅಳಿಸಿದರೆ ಅವೂ ಹೋಗುತ್ತವೆ. ಇಂಥ ಎಷ್ಟೋ ಸ್ಕ್ಯಾನರ್‌ಗಳು ಹೈಬ್ರಿಡ್ ಬ್ಯಾಟರಿಯ ಕಂಪ್ಯೂಟರನ್ನು ಓದುವುದೇ ಇಲ್ಲ. ‘ಏನೂ ಇಲ್ಲ’ ಎಂದು ಅವು ತೋರಿಸಿದರೆ ಏನೂ ಇಲ್ಲವೆಂದಲ್ಲ. ಅಳಿಸುವ ಮೊದಲು ಕೋಡನ್ನೂ ಆ ವಿವರಗಳನ್ನೂ ಫೋಟೊ ತೆಗೆದಿಡಿ.

ಹೆಚ್ಚಿನ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ, ಪರಿಚಯದ ಮೇಸ್ತ್ರಿಗೂ ಮುಟ್ಟಲು ಬಿಡಬೇಡಿ. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತ ಮೇಲೂ 10 ನಿಮಿಷ ಕಾಯಬೇಕೆನ್ನುತ್ತದೆ ಟೊಯೋಟಾ ನಿಯಮ. ಒಳಗಿನ ಕೆಪಾಸಿಟರ್‌ಗಳಲ್ಲಿ ಅಷ್ಟು ಹೊತ್ತು ಜೀವ ತೆಗೆಯುವ ವಿದ್ಯುತ್ ಉಳಿದಿರಬಹುದು. ಮಾಲೀಕರು ಮಾಡಬಹುದಾದ ಕೆಲಸ ಚಿಕ್ಕದು: ಕೈಪಿಡಿ ನೋಡಿ ಕಿಂಡಿ ಎಲ್ಲಿದೆಯೆಂದು ತಿಳಿದು, ಅದರ ಮುಂದೆ ಚೀಲ, ಕಂಬಳಿ ಇಡದಿರುವುದು; ನಿಲ್ಲಿಸಿದಾಗ ನೆರಳು ಹುಡುಕುವುದು; ಧೂಳಿನ ದಾರಿಯಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿ, ಹೊರಗಾಳಿ ನಿಲ್ಲಿಸುವುದು.

ಆಯುಧಪೂಜೆಗೆ ಎಲ್ಲರೂ ಗಾಡಿ ತೊಳೆದು ಹೂ ಏರಿಸುತ್ತೇವೆ. ಅಂದು ತೊಳೆಯುವುದು ಹೊರಮೈ. ಬಿಳಿ ಧೂಳು ಕೂತಿರುವುದು ಸೀಟಿನ ಬಳಿಯ ಕಿಂಡಿಯಲ್ಲಿ. ಬಿಸಿಲು ಏರುವ ಮೊದಲು, ಯುಗಾದಿಯ ಹೊತ್ತಿಗೆ, ಅದನ್ನೂ ಒಮ್ಮೆ ವ್ಯಾಕ್ಯೂಮ್‌ನಿಂದ ಶುಚಿ ಮಾಡಿಸಿ.